ಹಳೆಯ ಬೈಕಿಗೆ ಡಿಸ್ಕ್ ಬ್ರೇಕ್: ಕ್ಯಾಲಿಪರ್ ಬ್ರ್ಯಾಕೆಟ್ ಮಾಡಿಸಿಕೊಳ್ಳುವ ಬಗೆ

ಅಂಗೈ ಅಗಲದ ಅಲ್ಯೂಮಿನಿಯಂ ತುಂಡು, ಅದರಲ್ಲಿ ನಾಲ್ಕು ತೂತು. ನೋಡುವುದಕ್ಕೆ ಕ್ಯಾಲಿಪರ್ ಬ್ರ್ಯಾಕೆಟ್ ಎಂದರೆ ಇಷ್ಟೇ. ಪ್ಯಾಡುಗಳಿಂದ ಡಿಸ್ಕನ್ನು ಎರಡೂ ಕಡೆಯಿಂದ ಅಮುಕುವ ಭಾಗ ಕ್ಯಾಲಿಪರ್. ಅದನ್ನು ಫೋರ್ಕಿಗೆ, ಅಂದರೆ ಮುಂದಿನ ಚಕ್ರವನ್ನು ಹಿಡಿದ ಕವೆಗೆ, ಸೇರಿಸಿ ನಿಲ್ಲಿಸುವುದು ಈ ಬ್ರ್ಯಾಕೆಟ್. ಅದರ ಮೇಲೆ ಬೀಳುವ ಹೊರೆ ಎಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಮುಂದೆ ಹೇಳುವುದೆಲ್ಲ ಆ ಲೆಕ್ಕದ ಮೇಲೆಯೇ ನಿಂತಿದೆ.

ಯಮಹಾ ಆರ್‌ಎಕ್ಸ್ 100 ಬೈಕನ್ನೇ ತೆಗೆದುಕೊಳ್ಳಿ. ಬೈಕಿನ ತೂಕ ನೂರು ಕಿಲೋದ ಆಸುಪಾಸು. ಇಬ್ಬರು ಕುಳಿತರೆ ಒಟ್ಟು 250 ಕಿಲೋ ಎಂದಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ಟಯರಿನ ಹಿಡಿತ ಚೆನ್ನಾಗಿದ್ದರೆ ರಸ್ತೆಯೂ ಆ ಚಕ್ರವನ್ನು ಹೆಚ್ಚುಕಡಿಮೆ ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತದೆ. 18 ಅಂಗುಲದ ಚಕ್ರದಲ್ಲಿ ಅಚ್ಚಿನಿಂದ ರಸ್ತೆಗೆ ಸುಮಾರು 30 ಸೆಂಟಿಮೀಟರ್. 240 ಮಿ.ಮೀ. ಡಿಸ್ಕಿನಲ್ಲಿ ಅಚ್ಚಿನಿಂದ ಪ್ಯಾಡಿನ ನಡುಭಾಗಕ್ಕೆ ಸುಮಾರು 10.5 ಸೆಂಟಿಮೀಟರ್. 250ನ್ನು 30ರಿಂದ ಗುಣಿಸಿ 10.5ರಿಂದ ಭಾಗಿಸಿದರೆ 700 ಕಿಲೋ ದಾಟುತ್ತದೆ. ಆ ಪುಟ್ಟ ತುಂಡಿಗೆ ಒಂದು ಎಮ್ಮೆಯನ್ನು ನೇತುಹಾಕಿದಷ್ಟು ಭಾರ ಒಂದೇ ಏಟಿಗೆ ಬೀಳುತ್ತದೆ, ಬಿಡುತ್ತದೆ, ಮತ್ತೆ ಬೀಳುತ್ತದೆ. ಸಿಲ್ಕ್ ಬೋರ್ಡಿನಿಂದ ಹೆಬ್ಬಾಳಕ್ಕೆ ಹೋಗಿ ಬರುವಷ್ಟರಲ್ಲಿ ಎಷ್ಟು ಸಲ ಬ್ರೇಕ್ ಹಿಡಿಯುತ್ತೇವೆ ಎಂಬುದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ಕಣ್ಣಳತೆಯ ಕೆಲಸ ಇಲ್ಲಿ ನಡೆಯುವುದಿಲ್ಲ. ಆದರೆ ಇದು ಅಸಾಧ್ಯವಾದ ಕೆಲಸವೂ ಅಲ್ಲ. ರಟ್ಟಿನ ಮೇಲೆ ಎರಡು ಭಾನುವಾರ ಕಳೆಯುವ ತಾಳ್ಮೆ ಇದ್ದರೆ ಲೋಹದ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ.

ಶುರು ಮಾಡುವ ಮುನ್ನ

ನಿಮ್ಮ ಡ್ರಮ್ ಬ್ರೇಕ್ ನಿಜಕ್ಕೂ ಕೆಟ್ಟದ್ದೋ, ಅಥವಾ ಅದನ್ನು ಯಾರೂ ಸರಿಯಾಗಿ ಹೊಂದಿಸಿಲ್ಲವೋ ಎಂದು ಮೊದಲು ನೋಡಿ. ಲೈನರಿಗೆ ಸೀಮೆಸುಣ್ಣ ಬಳಿದು, ಚಕ್ರ ಜೋಡಿಸಿ, ಬ್ರೇಕ್ ಲಘುವಾಗಿ ಹಿಡಿದು ಒಂದು ಸುತ್ತು ತಿರುಗಿಸಿ ಬಿಚ್ಚಿ ನೋಡಿ. ಸುಣ್ಣ ಎರಡು ಮೂಲೆಯಲ್ಲಿ ಮಾತ್ರ ಅಳಿಸಿದ್ದರೆ ಲೈನರ್ ಡ್ರಮ್ಮಿಗೆ ಪೂರ್ತಿ ತಾಗುತ್ತಿಲ್ಲ ಎಂದರ್ಥ. ಹೊಸ ಲೈನರ್, ಹೊಸ ಕೇಬಲ್, ಮತ್ತು ಬ್ರೇಕ್ ಹಿಡಿದಾಗ ಹಬ್ಬಿನ (ಚಕ್ರದ ನಡುಭಾಗದ) ಲಿವರಿಗೂ ಕೇಬಲಿಗೂ ನಡುವೆ 90 ಡಿಗ್ರಿ ಕೋನ: ಇಷ್ಟರಿಂದಲೇ ಎಷ್ಟೋ ಹಳೆಯ ಬೈಕುಗಳು ಚೆನ್ನಾಗಿ ನಿಲ್ಲುತ್ತವೆ. ಅದಾದ ಮೇಲೂ ಸಾಲದು ಎನ್ನಿಸಿದರೆ ಮುಂದಕ್ಕೆ ಓದಿ.

ಇನ್ನೊಂದು ಮಾತು ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಗಳು ಬದಲಾಗುವಂಥ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ನಿಮ್ಮ ಬದಲಾವಣೆ ಅದರಡಿ ಬರುತ್ತದೆಯೇ ಎಂದು ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ಕೇಳಿ, ಸಾಧ್ಯವಾದರೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. 50 ವರ್ಷ ದಾಟಿದ ಬೈಕಾದರೆ ಇನ್ನೂ ಎಚ್ಚರ ಬೇಕು. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ ಮೂಲ ರೂಪದಲ್ಲೇ ಉಳಿಸಿಕೊಂಡು ಬಂದ ವಾಹನಗಳಿಗೆ ಮಾತ್ರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಅರುವತ್ತರ ದಶಕದಲ್ಲಿ ಹೊರಬಂದ ಜಾವಾ ನಿಮ್ಮ ಬಳಿ ಇದ್ದರೆ ಅದಕ್ಕೆ ದಯವಿಟ್ಟು ಡಿಸ್ಕ್ ಹಾಕಬೇಡಿ. ಆ ಬೈಕು ಹೇಗಿತ್ತೋ ಹಾಗೆ ಉಳಿಯುವುದೇ ಅದರ ಬೆಲೆ. ದಿನವೂ ಓಡಿಸುವ ಎಂಬತ್ತು, ತೊಂಬತ್ತರ ದಶಕದ ಆರ್‌ಎಕ್ಸ್, ಯೆಜ್ಡಿಗಳ ಮಾತೇ ಬೇರೆ.

ಆಗಲೂ ನಾನು ಪಾಲಿಸುವ ನಿಯಮ ಒಂದೇ. ಬೈಕಿನ ಹಳೆಯ ಭಾಗಕ್ಕೆ ಗರಗಸ ತಾಗಿಸುವುದಿಲ್ಲ, ವೆಲ್ಡಿಂಗ್ ಮಾಡುವುದಿಲ್ಲ, ತೂತು ಕೊರೆಯುವುದಿಲ್ಲ. ಹೊಂದಾಣಿಕೆಯೆಲ್ಲ ಹೊಸ ತುಂಡಿನಲ್ಲೇ ಆಗಬೇಕು. ನಾಳೆ ಬೇಡವೆನಿಸಿದರೆ ನಾಲ್ಕು ಬೋಲ್ಟ್ ಬಿಚ್ಚಿ ಹಳೆಯ ಡ್ರಮ್ ಜೋಡಿಸಲು ಬರಬೇಕು.

ಸಾಮಾನು ಕೂಡಿಸುವುದು

ಹಳೆಯ ಫೋರ್ಕಿನ ಕಾಲಿಗೆ ಕ್ಯಾಲಿಪರ್ ಕೂರಿಸುವ ಕಿವಿಗಳು, ಅಂದರೆ ಬೋಲ್ಟಿನ ತೂತಿರುವ ಚಾಚುಗಳು, ಇರುವುದಿಲ್ಲ. ಅಲ್ಲಿಗೆ ಕಿವಿ ಬೆಸೆಯಿಸುವವರು, ಕಾಲಿನ ಸುತ್ತ ಪಟ್ಟಿ ಬಿಗಿದು ಕ್ಯಾಲಿಪರ್ ನೇತುಹಾಕುವವರು ಇದ್ದಾರೆ. ಎರಡನ್ನೂ ಮಾಡಬೇಡಿ. ಎರಕದ ಅಲ್ಯೂಮಿನಿಯಂ ಕಾಲಿಗೆ ವೆಲ್ಡಿಂಗ್ ಬಿಸಿ ತಾಗಿದರೆ ಒಳಗಿನ ದುಂಡು ಸೊಟ್ಟಗಾಗುತ್ತದೆ, ಬೆಸುಗೆಯ ಅಂಚು ದುರ್ಬಲವಾಗುತ್ತದೆ. ಬಿಗಿದ ಪಟ್ಟಿ 700 ಕಿಲೋ ಎಳೆತಕ್ಕೆ ಒಂದಲ್ಲ ಒಂದು ದಿನ ತಿರುಗುತ್ತದೆ. ಡ್ರಮ್ ಪ್ಲೇಟನ್ನು ತಡೆದು ಹಿಡಿಯುವ ಹಳೆಯ ಗೂಟಕ್ಕೆ ಬ್ರ್ಯಾಕೆಟ್ ಸಿಕ್ಕಿಸುವ ಉಪಾಯವೂ ನನಗೆ ಒಪ್ಪಿಗೆಯಿಲ್ಲ. ಆ ಗೂಟವನ್ನು ಡ್ರಮ್ಮಿನ ಬಲಕ್ಕೆಂದು ಮಾಡಿದ್ದು.

ಸರಿಯಾದ ದಾರಿ ಎಂದರೆ ಡಿಸ್ಕ್ ಬ್ರೇಕ್ ಇದ್ದ ಬೈಕಿನ ಫೋರ್ಕ್ ಕಾಲು, ಹಬ್ಬು, ಅಚ್ಚು ತರುವುದು. ನಿಮ್ಮ ಫೋರ್ಕಿನ ಕೊಳವೆಯ ವ್ಯಾಸವನ್ನು ವರ್ನಿಯರಿನಲ್ಲಿ ಅಳೆದು ಬರೆದುಕೊಂಡು, ವರ್ನಿಯರನ್ನು ಜೇಬಿನಲ್ಲಿಟ್ಟುಕೊಂಡೇ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗಿ. ಹೊಸ ಭಾಗ ಬೇಕಾದರೆ ಜೆ.ಸಿ. ರಸ್ತೆ ಇದೆ. ಎಲ್ಲ ಭಾಗವೂ ಒಂದೇ ಬೈಕಿನದಾದರೆ ಬ್ರ್ಯಾಕೆಟ್ಟೇ ಬೇಕಾಗುವುದಿಲ್ಲ. ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಕಾಲು ಒಂದು ಕಡೆ, ಕ್ಯಾಲಿಪರ್ ಒಂದು ಕಡೆ, ಡಿಸ್ಕ್ ಇನ್ನೊಂದು ಕಡೆ ಸಿಗುವುದೇ ಹೆಚ್ಚು. ಆಗ ಬ್ರ್ಯಾಕೆಟ್ ಬೇಕಾಗುತ್ತದೆ.

ಗುಜರಿಯಲ್ಲಿ ಡಿಸ್ಕ್ ಕೊಳ್ಳುವಾಗ ಅದರ ಮೈಮೇಲೆ ಕೊರೆದ ಕನಿಷ್ಠ ದಪ್ಪದ ಅಂಕಿ ಹುಡುಕಿ, ಉಜ್ಜಿದ ಜಾಗದ ದಪ್ಪವನ್ನು ಅಳೆಯಿರಿ. ಅಂಚಿನಲ್ಲಿ ಸವೆಯದೆ ಉಳಿದ ದಿಂಡು ಇರುತ್ತದೆ, ವರ್ನಿಯರಿನ ಬಾಯಿ ಅದಕ್ಕೆ ಸಿಕ್ಕಿಕೊಂಡು ದಪ್ಪ ಹೆಚ್ಚು ತೋರಿಸುತ್ತದೆ. ಕ್ಯಾಲಿಪರಿನ ಪಿಸ್ಟನ್ ಹೊರಗೆಳೆದು ನೋಡಿ. ಸೀಲ್ ಉಜ್ಜುವ ಜಾಗದಲ್ಲಿ ತುಕ್ಕಿನ ಗುಳಿ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಎರಡು ಪಿನ್ನುಗಳ ಮೇಲೆ ಜಾರುವ ತೇಲು ಕ್ಯಾಲಿಪರನ್ನೇ ಆರಿಸಿ. ಡಿಸ್ಕಿನ ನಡುಗೆರೆಯಿಂದ ಅರ್ಧ ಮಿ.ಮೀ. ಆಚೀಚೆ ಆದರೂ ಅದು ತಾನೇ ಸರಿದುಕೊಳ್ಳುತ್ತದೆ. ಅದರ ಪಿನ್ನುಗಳಿರುವ ಮೂಲ ಚೌಕಟ್ಟನ್ನು ಬಿಸಾಡಬೇಡಿ. ನಾವು ಮಾಡುವ ಬ್ರ್ಯಾಕೆಟ್ ಆ ಚೌಕಟ್ಟಿಗೂ ಫೋರ್ಕಿನ ಕಿವಿಗೂ ನಡುವಿನ ಸೇತುವೆ. ಪಿನ್ನುಗಳನ್ನೇ ಹೊಸ ತುಂಡಿಗೆ ಕೂರಿಸಲು ಹೋದರೆ ಅವು ಎಳ್ಳಷ್ಟೂ ಓರೆಯಾಗದಂತೆ ಕೊರೆಯಬೇಕು, ಅದು ಸಣ್ಣ ಅಂಗಡಿಯಲ್ಲಿ ಆಗುವ ಕೆಲಸವಲ್ಲ.

ಆರ್‌ಎಕ್ಸ್ 100ರವರು ನೆನಪಿಡಿ: ಸ್ಪೀಡೋಮೀಟರಿನ ಹಲ್ಲುಚಕ್ರ ಇರುವುದು ಮುಂದಿನ ಡ್ರಮ್ ಪ್ಲೇಟಿನಲ್ಲಿ. ಹಬ್ಬು ಬದಲಾದರೆ ಹೊಸ ಹಬ್ಬಿನ ಜೊತೆಗೆ ಅದರದೇ ಸ್ಪೀಡೋಮೀಟರ್ ಡ್ರೈವ್ ಕೂಡ ತರಬೇಕು.

ಮೊದಲು ಚಕ್ರ, ಆಮೇಲೆ ಕ್ಯಾಲಿಪರ್

ಬ್ರ್ಯಾಕೆಟ್ಟಿನ ಅಳತೆ ತೆಗೆಯುವ ಹೊತ್ತಿಗೆ ಚಕ್ರ ತನ್ನ ಅಂತಿಮ ಸ್ಥಾನದಲ್ಲಿ ಇರಬೇಕು. ಹೊಸ ಬೇರಿಂಗ್, ಎರಡೂ ಬದಿಯ ಸ್ಪೇಸರ್ (ಅಂತರ ತುಂಬುವ ಬಳೆ), ಬಿಗಿಮಾಡಿದ ಅಚ್ಚು, ಫೋರ್ಕಿನ ನಡುವೆ ನೇರವಾಗಿ ನಿಂತ ರಿಮ್ಮು, ಇಷ್ಟೂ ಆಗಿರಬೇಕು. ಸ್ಪೇಸರ್ ಬದಲಿಸಬೇಕೆಂದು ಆಮೇಲೆ ಹೊಳೆದರೆ ಬ್ರ್ಯಾಕೆಟ್ ಗುಜರಿಗೆ ಹೋಗುತ್ತದೆ. ಡಿಸ್ಕಿನ ಓಲಾಟವನ್ನು ಡಯಲ್ ಗೇಜಿನಿಂದ ನೋಡಿ. 0.15 ಮಿ.ಮೀ. ದಾಟಿದರೆ ನಾನು ಆ ಡಿಸ್ಕ್ ಬಳಸುವುದಿಲ್ಲ.

ಕ್ಯಾಲಿಪರ್ ಎಲ್ಲಿ ನಿಲ್ಲಬೇಕು ಎಂಬುದನ್ನು ಅಳತೆಪಟ್ಟಿಗಿಂತ ಕ್ಯಾಲಿಪರ್ ತಾನೇ ಚೆನ್ನಾಗಿ ಹೇಳುತ್ತದೆ. ಹೊಸ ಪ್ಯಾಡ್ ಹಾಕಿ. ಒಂದು ಮಿ.ಮೀ. ದಪ್ಪದ ತಾಮ್ರದ ತಂತಿಯನ್ನು ಡಿಸ್ಕಿನ ಹೊರ ಅಂಚಿನ ಮೇಲೆ ಬಾಗಿಸಿ ಟೇಪಿನಿಂದ ಅಂಟಿಸಿ. ಕ್ಯಾಲಿಪರನ್ನು ಡಿಸ್ಕಿಗೆ ತೊಡಿಸಿ, ಪ್ಯಾಡಿನ ಮೇಲಂಚು ಡಿಸ್ಕಿನ ಅಂಚಿಗಿಂತ ಕೂದಲೆಳೆಯಷ್ಟು ಒಳಗೆ ಬರುವಂತೆ, ಕ್ಯಾಲಿಪರಿನ ಬೆನ್ನು ಆ ತಂತಿಗೆ ತಾಗದಂತೆ ನಿಲ್ಲಿಸಿ. ಪ್ಯಾಡು ಡಿಸ್ಕಿನಿಂದ ಹೊರಗೆ ಚಾಚಿದರೆ ಸವೆಯದ ಅಂಚು ಉಳಿದು, ಮುಂದೆ ಎರಡು ಪ್ಯಾಡುಗಳ ಅಂಚು ಒಂದಕ್ಕೊಂದು ತಾಗಿ ಬ್ರೇಕ್ ಹಿಡಿಯುವುದೇ ನಿಲ್ಲುತ್ತದೆ. ತೀರ ಒಳಗೆ ಹೋದರೆ ಡಿಸ್ಕಿನ ಕೈಗಳಿಗೆ ತಾಗುತ್ತದೆ. ಈಗ ಹೋಸು, ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಕ್ಯಾಲಿಪರಿಗೆ ತಳ್ಳುವ ಭಾಗ) ಜೋಡಿಸಿ ಲಿವರನ್ನು ಒತ್ತಿ, ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿಬಿಡಿ. ಕ್ಯಾಲಿಪರ್ ಡಿಸ್ಕನ್ನು ಕಚ್ಚಿಕೊಂಡು ತಾನಾಗಿ ನಿಲ್ಲುತ್ತದೆ, ಅದೂ ಡಿಸ್ಕಿಗೆ ಸರಿಸಮಾನಾಂತರವಾಗಿ. ಚೌಕಟ್ಟನ್ನು ಪಿನ್ನುಗಳ ಮೇಲೆ ಜಾರಿಸಿ ಓಟದ ನಡುಮಧ್ಯಕ್ಕೆ ತನ್ನಿ.

ಈ ಸ್ಥಿತಿಯಲ್ಲಿ ಚಕ್ರದೊಂದಿಗೆ ಕ್ಯಾಲಿಪರನ್ನು ಮೆಲ್ಲಗೆ ಹಿಂದೆ ಮುಂದೆ ತಿರುಗಿಸುತ್ತಾ ಫೋರ್ಕಿನ ಕಿವಿಗಳಿಗೆ ಅದು ಎಲ್ಲಿ ಹತ್ತಿರ ಬರುತ್ತದೆ ನೋಡಿ. ಚಕ್ರದ ಕಡ್ಡಿಗಳಿಗೆ ತಾಗುತ್ತದೆಯೇ? ಕನಿಷ್ಠ 3 ಮಿ.ಮೀ. ಎಡೆ ಬೇಕು, ಕಡ್ಡಿಗಳು ಬಳುಕುತ್ತವೆ. ಗಾಳಿ ತೆಗೆಯುವ ನಿಪ್ಪಲ್ ಮೇಲ್ಮುಖವಾಗಿದೆಯೇ? ಬಲಗಡೆಯ ಕ್ಯಾಲಿಪರನ್ನು ಎಡಗಡೆಗೆ ಹಾಕಿದರೆ ನಿಪ್ಪಲ್ ಕೆಳಗೆ ಬಂದು ಗಾಳಿ ಮೇಲೆಯೇ ಸಿಕ್ಕಿಬೀಳುತ್ತದೆ, ಎಷ್ಟು ಒತ್ತಿದರೂ ಲಿವರ್ ಮೆತ್ತಗೇ ಇರುತ್ತದೆ. ಇನ್ನೊಂದು ವಿಷಯ: ಕ್ಯಾಲಿಪರ್ ಫೋರ್ಕಿನ ಹಿಂದೆ ಇದ್ದರೆ ಬ್ರೇಕ್ ಹಿಡಿದಾಗ ಡಿಸ್ಕು ಅದನ್ನು ಮೇಲಕ್ಕೆ ಒಯ್ಯಲು ನೋಡುತ್ತದೆ, ಮುಂದೆ ಇದ್ದರೆ ಕೆಳಕ್ಕೆ. ಬ್ರ್ಯಾಕೆಟ್ಟಿನ ಯಾವ ಕಡೆ ಮಾಂಸ ಹೆಚ್ಚಿರಬೇಕು ಎಂದು ನಿರ್ಧರಿಸುವಾಗ ಆ ದಿಕ್ಕು ಕಣ್ಣ ಮುಂದಿರಲಿ.

ಕೊನೆಗೆ ಕಿವಿಯ ಮುಖಕ್ಕೂ ಕ್ಯಾಲಿಪರ್ ಚೌಕಟ್ಟಿನ ಮುಖಕ್ಕೂ ನಡುವೆ ಅಡ್ಡಡ್ಡ ಎಷ್ಟು ಅಂತರವಿದೆ ಎಂದು ವರ್ನಿಯರಿನ ಬಾಲದಿಂದ ಅಳೆಯಿರಿ. ಒಂದೇ ಕಡೆ ಅಳೆದರೆ ಸಾಲದು, ಎರಡು ಕಿವಿಗಳ ಬಳಿಯೂ ಅಳೆಯಿರಿ. ನನ್ನ ಬೈಕಿನಲ್ಲಿ ಒಂದು ಕಿವಿಯ ಬಳಿ 6.2, ಇನ್ನೊಂದರ ಬಳಿ 6.8 ಬಂತು. ಕಿವಿಗಳ ಮೇಲೆ ಹಳೆಯ ಬಣ್ಣ ದಪ್ಪಗೆ ಕಟ್ಟಿತ್ತು. ಕೆರೆದ ಮೇಲೆ ಎರಡೂ ಕಡೆ 6.9 ಆಯಿತು. ಅಂತರ ಬೇರೆಬೇರೆ ಬಂದರೆ ಕಾರಣ ಸಿಗುವವರೆಗೂ ಮುಂದೆ ಹೋಗಬೇಡಿ.

ರಟ್ಟು, ಪ್ಲೈವುಡ್, ಆಮೇಲೆ ಲೋಹ

ರಟ್ಟಿಗೆ ನಾನು ಬಳಸುವುದು ಲಗ್ನಪತ್ರಿಕೆ. ದಪ್ಪ, ಗಟ್ಟಿ, ಪ್ರತಿ ಮನೆಯಲ್ಲೂ ಕಟ್ಟುಗಟ್ಟಲೆ ಬಿದ್ದಿರುತ್ತದೆ. ಅದನ್ನು ಕಿವಿಗಳ ಮೇಲಿಟ್ಟು ಬೆರಳಿನಿಂದ ಒತ್ತಿದರೆ ತೂತಿನ ಅಂಚು ಅಚ್ಚೊತ್ತುತ್ತದೆ. ಚೌಕಟ್ಟಿನ ಕಡೆಯೂ ಹಾಗೆಯೇ. ಇದು ಆಕಾರ ಗೊತ್ತುಮಾಡುವುದಕ್ಕೆ ಮಾತ್ರ. ತೂತಿನ ಸ್ಥಾನ ಇದರಿಂದ ನಿಖರವಾಗಿ ಸಿಗುವುದಿಲ್ಲ.

ತೂತಿನ ಸ್ಥಾನಕ್ಕೆ ಚೂಪು ಬೋಲ್ಟ್ ಬೇಕು. ತೂತಿನ ಅಳತೆಯದೇ ಬೋಲ್ಟನ್ನು ಲೇತಿಗೆ ಹಾಕಿಸಿ, ತುದಿಯನ್ನು ಸೂಜಿಯಂತೆ ಕಡೆಸಿಕೊಳ್ಳಿ. ಅದನ್ನು ಹಿಂದಿನಿಂದ ತಿರುಗಿಸಿ ಮೊನೆ ಮಾತ್ರ ಹೊರಬರುವಂತೆ ನಿಲ್ಲಿಸಿ, ಪ್ಲೈವುಡ್ ತುಂಡನ್ನು ಅದರ ಮೇಲೆ ಒತ್ತಿ ಮರದ ಸುತ್ತಿಗೆಯಿಂದ ಒಂದು ಪೆಟ್ಟು ಕೊಡಿ. ನಡುಬಿಂದು ಗುಂಡುಸೂಜಿಯ ಗುರುತಿನಂತೆ ಮೂಡುತ್ತದೆ. ನಾಲ್ಕೂ ಬಿಂದು ಸಿಕ್ಕ ಮೇಲೆ ಕೊರೆದು, ಕತ್ತರಿಸಿ, ಪ್ಲೈವುಡ್ ಬ್ರ್ಯಾಕೆಟ್ಟನ್ನು ನಿಜವಾದ ಬೋಲ್ಟುಗಳಿಂದಲೇ ಜೋಡಿಸಿ. ಚಕ್ರ ತಿರುಗಿಸಿ. ಹ್ಯಾಂಡಲ್ ಎರಡು ಕಡೆಗೂ ಪೂರ್ತಿ ತಿರುಗಿಸಿ. ಫೋರ್ಕನ್ನು ಪೂರ್ತಿ ಒತ್ತಿ ಮಡ್‌ಗಾರ್ಡಿಗೆ ತಾಗುವುದೇ ನೋಡಿ. ನನಗೆ ಮೂರನೆಯ ಪ್ಲೈವುಡ್ ತುಂಡಿನಲ್ಲಿ ಎಲ್ಲವೂ ಸರಿಬಂತು. ಪ್ಲೈವುಡ್ ಎಷ್ಟು ವ್ಯರ್ಥವಾದರೂ ಚಿಂತೆಯಿಲ್ಲ.

ಆಕಾರ ಬರೆಯುವಾಗ ಎರಡು ಅಳತೆ ಮರೆಯಬೇಡಿ. ತೂತಿನ ನಡುವಿನಿಂದ ಹತ್ತಿರದ ಅಂಚಿಗೆ ಬೋಲ್ಟಿನ ವ್ಯಾಸದ ಎರಡರಷ್ಟು ಇರಲಿ: 8 ಮಿ.ಮೀ. ಬೋಲ್ಟಿಗೆ 16 ಮಿ.ಮೀ. ಮತ್ತು ಒಳಮೂಲೆ ಎಲ್ಲೂ ಚೂಪಾಗಿರಬಾರದು, ಕನಿಷ್ಠ 5 ಮಿ.ಮೀ. ತ್ರಿಜ್ಯದ ತಿರುವು ಇರಬೇಕು.

ಈ ಎರಡನೆಯ ಮಾತನ್ನು ನಾನು ಕಲಿತದ್ದು ನನ್ನ ಮೊದಲ ಬ್ರ್ಯಾಕೆಟ್ಟಿನಿಂದ. ಒಳಮೂಲೆಯನ್ನು ಗರಗಸದಿಂದ ನೇರವಾಗಿ ಕತ್ತರಿಸಿದ್ದೆ, ಗುರುತು ಹಾಕಿದ್ದ ಉಕ್ಕಿನ ಮುಳ್ಳಿನ ಗೀರು ಆ ಮೂಲೆಯಿಂದ ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿತ್ತು. ಮೂರು ತಿಂಗಳ ನಂತರ ಪ್ಯಾಡ್ ಬದಲಿಸಲು ಬಿಚ್ಚಿದಾಗ ಕಾಮಾಕ್ಷಿಪಾಳ್ಯದ ಲೇತ್ ಯಜಮಾನರು ಅದನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದರು. "ಇದು ಗೀರಲ್ಲ ತಮ್ಮಾ, ಬಿರುಕು" ಎಂದರು. ನನಗೆ ನಂಬಿಕೆ ಬರಲಿಲ್ಲ. ಅವರು ಕೆಂಪು ಬಣ್ಣದ ಡಬ್ಬಿಯಿಂದ ದ್ರವ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿ ಹೊಡೆದರು. ಬಿಳಿಯ ನಡುವಿನಿಂದ ಕೆಂಪು ಗೆರೆಯೊಂದು ನಿಧಾನವಾಗಿ ಒಸರಿ ಬಂತು, ಸರಿಯಾಗಿ ನನ್ನ ಗೀರಿನ ಜಾಡಿನಲ್ಲೇ, ಕಾಲು ಇಂಚು ಉದ್ದ. ಆ ಮೂರು ತಿಂಗಳು ನಾನು ಮಗಳನ್ನು ಹಿಂದೆ ಕೂರಿಸಿಕೊಂಡು ಓಡಾಡಿದ್ದೆ. ಅಂದಿನಿಂದ ಲೋಹದ ಮೇಲೆ ಗುರುತು ಹಾಕುವುದು ಮಾರ್ಕರ್ ಪೆನ್ನಿನಲ್ಲಿ ಮಾತ್ರ. ತೂತಿನ ನಡುಬಿಂದುವಿಗೆ ಬಿಟ್ಟರೆ ಇನ್ನೆಲ್ಲೂ ಚೂಪು ಉಕ್ಕು ತಾಗಿಸುವುದಿಲ್ಲ.

ಯಾವ ಲೋಹ

ಗುರುತಿಲ್ಲದ ಅಲ್ಯೂಮಿನಿಯಂ ತುಂಡನ್ನು ಎಷ್ಟು ಅಗ್ಗವಾಗಿ ಸಿಕ್ಕಿದರೂ ಕೊಳ್ಳಬೇಡಿ. ನೋಡುವುದಕ್ಕೆ ಎಲ್ಲವೂ ಒಂದೇ ಬಿಳಿ. ಕೇಳಬೇಕಾದದ್ದು 6061-ಟಿ6 ಅಥವಾ 6082-ಟಿ6. ಎರಡನೆಯದನ್ನು ವ್ಯಾಪಾರಿಗಳು ಇಂದಿಗೂ ಹಳೆಯ ಹೆಸರಿನಿಂದ ಎಚ್‌ಇ30 ಎನ್ನುತ್ತಾರೆ. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಪರೀಕ್ಷಾ ಪ್ರಮಾಣಪತ್ರದೊಂದಿಗೆ ಕತ್ತರಿಸಿ ಕೊಡುವವರು ಸಿಗುತ್ತಾರೆ. ಟಿ6 ಎಂಬುದು ಬಿಸಿ ಸಂಸ್ಕಾರದ ಗುರುತು, ಬಲವೆಲ್ಲ ಅದರಲ್ಲೇ ಇದೆ. 6061 ಟಿ6 ಆಗಿದ್ದಾಗ ಸುಮಾರು 275 ಮೆಗಾಪ್ಯಾಸ್ಕಲ್ ಒತ್ತಡದವರೆಗೆ ಬಾಗದೆ ನಿಲ್ಲುತ್ತದೆ, ಅಂದರೆ ಸಾಮಾನ್ಯ ಕಟ್ಟಡದ ಉಕ್ಕಿನ ಸಮಸಮಕ್ಕೆ. ಅದನ್ನೇ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಬ್ರ್ಯಾಕೆಟ್ ಒಂದೇ ತುಂಡಿನಿಂದ ಆಗಬೇಕು, ಬೆಸೆದ ಜೋಡಣೆ ಬೇಡವೇ ಬೇಡ. 7075-ಟಿ6 ಇನ್ನೂ ಬಹಳ ಗಟ್ಟಿ, ಆದರೆ ಬೆಲೆ ಹೆಚ್ಚು, ಮಳೆಗೆ ಬೇಗ ಸವಕಳಿ ಹಿಡಿಯುತ್ತದೆ. ನಮ್ಮ ಕೆಲಸಕ್ಕೆ ಅಗತ್ಯವಿಲ್ಲ.

ದಪ್ಪ? ಅಲ್ಯೂಮಿನಿಯಂ ಆದರೆ 12 ಮಿ.ಮೀ. ಅಂತರ ಕಡಿಮೆ ಇದ್ದರೆ ಬ್ರ್ಯಾಕೆಟ್ಟನ್ನು ಎರಡು ಮಜಲಿನಲ್ಲಿ ಮಿಲ್ಲಿಂಗ್ ಮಾಡಿಸಿ: ಕಿವಿಯ ಕಡೆ ಒಂದು ಮಟ್ಟ, ಚೌಕಟ್ಟಿನ ಕಡೆ ಇನ್ನೊಂದು ಮಟ್ಟ. ನನ್ನದು ಹಾಗೆಯೇ ಆಯಿತು. 6.9 ಮಿ.ಮೀ. ಅಂತರವನ್ನು ವಾಷರುಗಳನ್ನು ಪೇರಿಸಿ ತುಂಬುವ ಯೋಚನೆ ಬಂದರೆ ಅಲ್ಲೇ ಬಿಡಿ. ವಾಷರ್ ರಾಶಿ ಬೋಲ್ಟನ್ನು ಬಾಗಿಸುತ್ತದೆ. ಸ್ಪೇಸರ್ ಬೇಕೇ ಬೇಕಾದರೆ ಉಕ್ಕಿನಲ್ಲಿ ಒಂದೇ ತುಂಡಾಗಿ ಕಡೆಸಿ.

ಕತ್ತರಿಸುವುದು, ಕೊರೆಯುವುದು

ಗಣಕದಲ್ಲಿ ಚಿತ್ರ ಬರೆಯಲು ಬಂದರೆ ಸಿಎನ್‌ಸಿ ಅಂಗಡಿಗೆ ಕೊಟ್ಟುಬಿಡಿ. ಬಾರದಿದ್ದರೆ ಪ್ಲೈವುಡ್ ಮಾದರಿಯನ್ನೇ ಲೇತ್ ಅಂಗಡಿಗೆ ಒಯ್ಯಿರಿ. ಪೀಣ್ಯ, ಕಾಮಾಕ್ಷಿಪಾಳ್ಯದಲ್ಲಿ ಒಂದೇ ತುಂಡಿನ ಕೆಲಸ ಮಾಡಿಕೊಡುವವರು ಇದ್ದಾರೆ. ಸಂಜೆಯ ಹೊತ್ತು ಹೋಗಿ, ಹಗಲಿನಲ್ಲಿ ಅವರಿಗೆ ಕಾರ್ಖಾನೆಯ ಕೆಲಸ ಇರುತ್ತದೆ. ಇದು ಬ್ರೇಕಿನ ಭಾಗ ಎಂದು ಮೊದಲೇ ಹೇಳಿ, ಅವಸರ ಮಾಡಬೇಡಿ, ಪಕ್ಕದಲ್ಲಿ ನಿಂತು ನೋಡಿ.

ಕೈಯಿಂದಲೇ ಮಾಡುವವರಿಗೆ: ಕೈಡ್ರಿಲ್ ಬೇಡ, ಕಂಬದ ಡ್ರಿಲ್ ಬೇಕು. ತೂತು ಮುಖಕ್ಕೆ ನೇರ ಲಂಬವಾಗಿರಬೇಕು. ಮೊದಲು 3 ಮಿ.ಮೀ., ಆಮೇಲೆ ಅಳತೆಯ ಬಿಟ್. 8 ಮಿ.ಮೀ. ಬೋಲ್ಟಿನ ಮರೆ (ಬೋಲ್ಟು ತಿರುಗಿ ಕೂರುವ ಸುರುಳಿ ಗೆರೆ) ಹಾಕಲು 6.8 ಮಿ.ಮೀ. ತೂತು. ಹತ್ತರ ಮರೆಯಾದರೆ ಎಚ್ಚರ, ಅದರಲ್ಲಿ ಎರಡು ಬಗೆ: ಸುರುಳಿಯ ಗೆರೆಗಳ ನಡುವೆ 1.5 ಮಿ.ಮೀ. ಅಂತರದ್ದಕ್ಕೆ (ಇದನ್ನೇ ಪಿಚ್ ಎನ್ನುತ್ತಾರೆ) 8.5 ಮಿ.ಮೀ. ತೂತು, 1.25 ಅಂತರದ್ದಕ್ಕೆ 8.8. ಬೈಕುಗಳ ಕ್ಯಾಲಿಪರಿನಲ್ಲಿ 1.25 ಸಾಮಾನ್ಯ, ಹಾರ್ಡ್‌ವೇರ್ ಅಂಗಡಿಯಲ್ಲಿ ಬೇಡದೆಯೇ ಕೈಗೆ ಬರುವುದು 1.5. ಎರಡು ಮೂರು ಸುತ್ತು ಅದೂ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಿಗಿಯಿತು ಎಂದು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಕಿವಿಯೊಳಗಿನ ಮರೆಯೆಲ್ಲ ಕಿತ್ತುಬರುತ್ತದೆ. ಪಿಚ್ ಗೇಜ್ ಹಿಡಿದು ನೋಡಿಯೇ ಕೊಳ್ಳಿ.

ಅಲ್ಯೂಮಿನಿಯಂನಲ್ಲಿ ಮರೆ ಹಾಕುವುದಾದರೆ ಬೋಲ್ಟ್ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಒಳಗೆ ಹೋಗಬೇಕು. ಮರೆ ಕೊರೆಯುವ ಟ್ಯಾಪಿಗೆ ಸೀಮೆಎಣ್ಣೆ ಹನಿಸುತ್ತಾ, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ. ಪದೇ ಪದೇ ಬಿಚ್ಚುವ ತೂತಿಗೆ ಉಕ್ಕಿನ ಸುರುಳಿ ಹಾಕಿಸಿದರೆ ಮರೆ ಬಾಳುತ್ತದೆ.

ಆಮೇಲೆ ಅರ. ಗರಗಸದ ಗೆರೆಗಳೆಲ್ಲ ಹೋಗುವವರೆಗೆ, ಬ್ರ್ಯಾಕೆಟ್ಟಿನ ಉದ್ದಕ್ಕೆ ಉಜ್ಜಿ. ಅಡ್ಡಕ್ಕೆ ಉಜ್ಜಿದ ಗೆರೆಯೂ ಬಿರುಕಿಗೆ ಬಾಗಿಲು. ಎಮರಿ ಕಾಗದದಿಂದ ಅಂಚುಗಳನ್ನೆಲ್ಲ ದುಂಡಗೆ ಮಾಡಿ. ಬೆರಳು ಓಡಿಸಿದರೆ ಎಲ್ಲೂ ತಡೆಯಬಾರದು.

ಬಣ್ಣದ ಬಗ್ಗೆ ಒಂದೇ ಮಾತು. ಅನೋಡೈಸಿಂಗ್ (ಅಲ್ಯೂಮಿನಿಯಂ ಮೈಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು) ಒಳ್ಳೆಯದು. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಬೋಲ್ಟ್ ಕೂರುವ ಮತ್ತು ಕಿವಿಗೆ ತಾಗುವ ಮುಖಗಳಿಗೆ ಬಣ್ಣ ಬೀಳದಂತೆ ಮುಚ್ಚಿಸಿ. ಬಣ್ಣದ ಪದರ ಒತ್ತಡಕ್ಕೆ ಹಿಂಡಿ ತೆಳುವಾಗುತ್ತದೆ, ಬೋಲ್ಟ್ ತಾನಾಗಿ ಸಡಿಲುತ್ತದೆ.

ಬೋಲ್ಟು

ಬೋಲ್ಟ್ ಬ್ರ್ಯಾಕೆಟ್ಟನ್ನು ತನ್ನ ಮೈಯಿಂದ ತಡೆದು ನಿಲ್ಲಿಸುತ್ತದೆ ಎಂದು ಹಲವರ ತಿಳಿವಳಿಕೆ. ನಿಜವಾಗಿ ಅದು ಎರಡು ಮುಖಗಳನ್ನು ಅಮುಕಿ ಹಿಡಿಯುತ್ತದೆ, ಆ ಮುಖಗಳ ನಡುವಿನ ತಿಕ್ಕಾಟವೇ ಹೊರೆಯನ್ನು ಹೊರುತ್ತದೆ. ಆದ್ದರಿಂದ ಬಿಗಿತ ಬಹಳ ಮುಖ್ಯ, ಮುಖಗಳು ಎಣ್ಣೆ ಜಿಡ್ಡಿಲ್ಲದೆ ಸಪಾಟಾಗಿರುವುದೂ ಅಷ್ಟೇ ಮುಖ್ಯ. ತಲೆಯ ಮೇಲೆ ಬಲದ ದರ್ಜೆ 8.8 ಅಥವಾ 10.9 ಎಂದು ಅಚ್ಚಿರುವ ಬೋಲ್ಟನ್ನೇ ತನ್ನಿ. ಸ್ಟೇನ್‌ಲೆಸ್ ಹೊಳೆಯುತ್ತದೆ ಎಂದು ಮರುಳಾಗಬೇಡಿ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟಿನ ಬಲ 8.8ಕ್ಕಿಂತ ಕಡಿಮೆ. ಬಿಗಿಯುವುದು ಬಿಗಿತವನ್ನು ಅಳೆದು ತೋರುವ ಟಾರ್ಕ್ ರೆಂಚಿನಿಂದ, ಫೋರ್ಕ್ ಕಾಲು ಯಾವ ಬೈಕಿನದೋ ಅದರ ಕೈಪಿಡಿಯಲ್ಲಿರುವ ಅಂಕಿಗೆ. ಮರೆಗೆ ನೀಲಿ ಲಾಕ್‌ಟೈಟ್ (ಮರೆ ಸಡಿಲದಂತೆ ಹಿಡಿಯುವ ಅಂಟು) ಎರಡು ಹನಿ. ಬಿಗಿದ ಮೇಲೆ ತಲೆಯಿಂದ ಬ್ರ್ಯಾಕೆಟ್ಟಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಂತೆ ಕಂಡ ದಿನ ಬೋಲ್ಟ್ ತಿರುಗಿದೆ ಎಂದು ತಿಳಿಯಿರಿ. ಮುಂಗಾರಿನಲ್ಲಿ ಉಕ್ಕು ಅಲ್ಯೂಮಿನಿಯಂ ಸೇರಿದಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಒರೆಸಿ.

ಎಣ್ಣೆಯ ಕಡೆಯ ಲೆಕ್ಕ

ಮಾಸ್ಟರ್ ಸಿಲಿಂಡರ್ ಕ್ಯಾಲಿಪರಿನ ಜೋಡಿಯದೇ ಆದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೇರೆಯದಾದರೆ ಪಿಸ್ಟನ್ ವ್ಯಾಸಗಳ ವರ್ಗ ಹೋಲಿಸಿ. ತೇಲು ಕ್ಯಾಲಿಪರಿನಲ್ಲಿ 25 ಮಿ.ಮೀ. ಎರಡು ಪಿಸ್ಟನ್ ಇವೆ ಎಂದುಕೊಳ್ಳಿ. 12.7 ಮಿ.ಮೀ. ಮಾಸ್ಟರಿಗೆ ಅದರ ಅನುಪಾತ 7.75, 14 ಮಿ.ಮೀ. ಮಾಸ್ಟರಿಗೆ 6.4. ಅನುಪಾತ ಇಳಿದಷ್ಟೂ ಲಿವರ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಅದೇ ಬಲಕ್ಕೆ ಬೆರಳು ಹೆಚ್ಚು ಒತ್ತಬೇಕಾಗುತ್ತದೆ. ಹೊಸದಾಗಿ ಜೋಡಿಸಿದವರು ಗಟ್ಟಿ ಲಿವರನ್ನು ಒಳ್ಳೆಯ ಬ್ರೇಕ್ ಎಂದು ತಪ್ಪು ತಿಳಿಯುವುದು ಉಂಟು. ಕ್ಯಾಲಿಪರ್ ಮೂಲತಃ ಯಾವ ಮಾಸ್ಟರಿನೊಂದಿಗೆ ಬಂದಿತ್ತೋ ಆ ಅನುಪಾತದ ಹತ್ತಿರವೇ ಇರಿ.

ಹೋಸಿನ ಉದ್ದವನ್ನು ಬೈಕನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಫೋರ್ಕ್ ಪೂರ್ತಿ ಚಾಚಿರುವಾಗ, ಹ್ಯಾಂಡಲ್ ಎರಡೂ ಕೊನೆಗೆ ತಿರುಗಿಸಿ ಅಳೆಯಿರಿ. ತಾಮ್ರದ ವಾಷರ್ ಪ್ರತಿ ಸಲ ಹೊಸದು. ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು, ಸೀಲ್ ಒಡೆಯದ ಹೊಸ ಡಬ್ಬಿ: ಹೊಸದಾಗಿರುವಾಗ ಅದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ನೀರು ಹೀರಿದ ಮೇಲೆ ಆ ಮಿತಿ 155ರವರೆಗೂ ಇಳಿಯಬಹುದು. ಟ್ಯಾಂಕಿನ ಮೇಲೆ ಒಂದು ಹನಿ ಬಿದ್ದರೂ ಬಣ್ಣ ಎದ್ದುಬರುತ್ತದೆ, ಒದ್ದೆ ಬಟ್ಟೆ ಹೊದಿಸಿ ಕೆಲಸ ಮಾಡಿ. ಕ್ಯಾಲಿಪರಿನ ಜಾರುಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಚೈನಿಗೆ ಹಚ್ಚುವ ಗ್ರೀಸ್ ರಬ್ಬರನ್ನು ಊದಿಸಿ ಪಿನ್ನನ್ನೇ ಹಿಡಿದುಕೊಳ್ಳುತ್ತದೆ.

ಪರೀಕ್ಷೆ

ಮೊದಲ ಪರೀಕ್ಷೆ ನಿಂತಲ್ಲೇ. ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು ಬೈಕನ್ನು ಮುಂದಕ್ಕೆ ಜೋರಾಗಿ ತಳ್ಳಿ, ಇನ್ನೊಬ್ಬರು ಬ್ರ್ಯಾಕೆಟ್ಟಿನ ಮೇಲೆ ಕಣ್ಣಿಡಲಿ. ಎಲ್ಲೂ ಅಲುಗಬಾರದು. ಲಿವರನ್ನು ರಾತ್ರಿಯಿಡೀ ಕಟ್ಟಿಟ್ಟು ಬೆಳಗ್ಗೆ ಎಣ್ಣೆ ಒಸರಿದೆಯೇ ನೋಡಿ.

ಎರಡನೆಯದು ಇನ್ನೂ ಮನೆಗಳೇಳದ ಬಡಾವಣೆಯ ಖಾಲಿ ರಸ್ತೆಯಲ್ಲಿ, ಭಾನುವಾರ ಬೆಳಗಿನ ಜಾವ, ಹೆಲ್ಮೆಟ್ ಧರಿಸಿ, ಒಬ್ಬರೇ. 40ರಿಂದ 10 ಕಿಲೋಮೀಟರ್ ವೇಗಕ್ಕೆ ಮೃದುವಾಗಿ ಇಳಿಸಿ, ಇಪ್ಪತ್ತು ಮೂವತ್ತು ಸಲ, ನಡುನಡುವೆ ಡಿಸ್ಕ್ ಆರಲು ಬಿಟ್ಟು. ಪ್ಯಾಡ್ ಕೂತುಕೊಳ್ಳುವವರೆಗೆ ಪೂರ್ತಿ ಬಲದಿಂದ ಹಿಡಿಯಬೇಡಿ. ಲಿವರಿನಲ್ಲಿ ಮಿಡಿತ ಬಂದರೆ ಡಿಸ್ಕ್ ಓಲಾಡುತ್ತಿದೆ. ಬ್ರೇಕ್ ಬಿಟ್ಟ ಮೇಲೂ ಚಕ್ರ ಬಿಗಿ ಎನ್ನಿಸಿದರೆ ಬ್ರ್ಯಾಕೆಟ್ ಓರೆಯಾಗಿದೆ ಅಥವಾ ಪಿನ್ ಹಿಡಿದಿದೆ. ಎರಡಕ್ಕೂ ಮನೆಗೆ ಬಂದು ಬಿಚ್ಚಲೇಬೇಕು, ಓಡುತ್ತಾ ಓಡುತ್ತಾ ಸರಿಹೋಗುವುದಿಲ್ಲ.

ಇದಿಷ್ಟು ಸರಿಯಾಗಿ 200 ಕಿಲೋಮೀಟರ್ ಓಡಿದ ಮೇಲೆ ನಂದಿ ಬೆಟ್ಟಕ್ಕೆ ಹೋಗಿ ಬನ್ನಿ. 1,478 ಮೀಟರ್ ಎತ್ತರದಿಂದ ಇಳಿಯುವ ಆ ತಿರುವುಗಳಲ್ಲಿ ಬ್ರೇಕ್ ನಿಜವಾಗಿ ಬಿಸಿಯಾಗುತ್ತದೆ. ಕೆಳಗೆ ಬಂದು ನಿಂತಾಗ ಲಿವರ್ ಮೇಲೆ ಹತ್ತುವಾಗ ಇದ್ದಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಹ್ಯಾಂಡಲಿನ ಕಡೆಗೆ ಇಳಿದಿದ್ದರೆ ಎಣ್ಣೆ ಕುದಿದಿದೆ. ಹಳದಿ ಗೆರೆಗಳನ್ನು ನೋಡಿ. ಡಿಸ್ಕನ್ನು ಮುಟ್ಟಬೇಡಿ.

ಮನೆಗೆ ಬಂದು ಬ್ರ್ಯಾಕೆಟ್ಟನ್ನು ಬಿಚ್ಚಿ ಆ ಕೆಂಪು ದ್ರವ, ಬಿಳಿ ಪುಡಿಯ ಪರೀಕ್ಷೆ ಒಮ್ಮೆ ಮಾಡಿ. ಆಮೇಲೆ ಪ್ರತಿ ಸಲ ಪ್ಯಾಡ್ ಬದಲಿಸುವಾಗ ಮಾಡಿ. ಡೈ ಪೆನೆಟ್ರಂಟ್ ಎಂಬ ಈ ಮೂರು ಡಬ್ಬಿಯ ಕಿಟ್ ವರ್ಷಗಟ್ಟಲೆ ಬರುತ್ತದೆ, ಇಬ್ಬರು ಮೂವರು ಗೆಳೆಯರು ಸೇರಿ ಕೊಂಡರೂ ಆಯಿತು.

ಬಿಚ್ಚಿಟ್ಟ ಹಳೆಯ ಡ್ರಮ್ ಪ್ಲೇಟು, ಹಬ್ಬು, ಫೋರ್ಕ್ ಕಾಲುಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಒಂದೇ ಡಬ್ಬಿಯಲ್ಲಿಡಿ. ಕೊನೆಯ ಪ್ಲೈವುಡ್ ಮಾದರಿಯನ್ನೂ ಅದರಲ್ಲೇ ಹಾಕಿ, ಅದರ ಮೇಲೆ ಲೋಹದ ಹೆಸರು, ದಪ್ಪ, ಬೋಲ್ಟಿನ ಅಳತೆ, ಮರೆಯ ಅಂತರ, ಬಿಗಿದ ಟಾರ್ಕ್ ಮತ್ತು ಜೋಡಿಸಿದ ದಿನಾಂಕವನ್ನು ಅಳಿಸದ ಶಾಯಿಯಲ್ಲಿ ಬರೆದಿಡಿ.